45ಕ್ಕೆ ಲಾ ಕಾಲೇಜ್ ಸೇರಿದೀನಿ, ಕ್ಲಾಸಲ್ಲಿ ಹೊಂದ್ಕೊಳ್ಳೋದು ಹೇಗೆ?

ಗುಬ್ಬಿಗೂಡು ಕೇಳಿದ್ದು:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದ್ಲು, ಸ್ವಲ್ಪ ಉದ್ದ ಆಗತ್ತೆ ಬೇಜಾರು ಮಾಡ್ಕೋಬೇಡಿ.

ನಂಗೆ 45. ಬಿ.ಕಾಂ ಮುಗಿಸಿದ್ದು 2001ರಲ್ಲಿ, ಆಮೇಲೆ ಮದುವೆ, ಮಗ, ಮಾವನ ಕಾಯಿಲೆ, ಮಧ್ಯೆ ಒಂದಷ್ಟು ವರ್ಷ ಒಬ್ರು ಆಡಿಟರ್ ಹತ್ರ ಲೆಕ್ಕ ಬರೆಯೋ ಕೆಲಸ. ಈ ವರ್ಷ ಮಗ ಇಂಜಿನಿಯರಿಂಗ್ ಅಂತ ಹಾಸ್ಟೆಲ್‌ಗೆ ಹೋದ, ನಾನು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರ್ಕೊಂಡೆ. ಗುಬ್ಬಿಯಿಂದ ತುಮಕೂರಿಗೆ ದಿನಾ ಬಸ್ಸು, ಶಕ್ತಿ ಯೋಜನೆ ಇರೋದ್ರಿಂದ ಬಸ್ ಚಾರ್ಜಿನ ಚಿಂತೆ ಇಲ್ಲ ಅದೊಂದು ಪುಣ್ಯ. ಯೂನಿಫಾರಂ ಹೊಲಿಸೋಕೆ ಬಿಳಿ ಚೂಡಿದಾರ್ ಬಟ್ಟೆ, ಕರೀ ಕೋಟಿನ ಬಟ್ಟೆ ತಗೊಂಡು ಹೋದ್ರೆ ಟೈಲರ್ "ಅಳತೆಗೆ ಮಗಳನ್ನ ಕರ್ಕೊಂಡು ಬರ್ಲಿಲ್ವಾ ಅಮ್ಮ" ಅಂದ್ರು. ನಂಗೇ ಅಂದಿದ್ದಕ್ಕೆ ಅಳತೆ ಟೇಪ್ ಹಿಡ್ಕೊಂಡು ಒಂದು ಕ್ಷಣ ಹಾಗೇ ನಿಂತ್ರು ಪಾಪ.

ಯಾಕೆ ಸೇರ್ದೆ ಅಂತ ಕೇಳೋರಿಗೆ ಹೇಳ್ಬಿಡ್ತೀನಿ. ನಮ್ಮ ತವರಲ್ಲಿ 2002ರಲ್ಲಿ ಪಾಲಾದಾಗ ನನ್ನ ಕೈಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ರು, ಅಕ್ಕ 1993ರಲ್ಲೇ ಮದುವೆ ಆಗಿದ್ಲು ಅವಳನ್ನ ಕೇಳ್ಲೇ ಇಲ್ಲ. ಅವತ್ತು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಆ ಕಾಗದದಲ್ಲಿ ಏನಿದೆ ಅಂತ ನಂಗೆ ಅರ್ಥ ಆಗಿರ್ಲಿಲ್ಲ, ಬಿ.ಕಾಂ ಮಾಡಿದ್ರೂ. ಅದನ್ನ ವಾಪಸ್ ಪಡೀಬೇಕು ಅಂತೇನಿಲ್ಲ ಅಣ್ಣಂದಿರ ಜೊತೆ ಚೆನ್ನಾಗೇ ಇದೀವಿ. ಆದ್ರೆ ಅರ್ಥ ಆಗ್ಬೇಕು ಅನ್ನೋದೊಂದು ಒಳಗೇ ಕೂತ್ಬಿಟ್ಟಿತ್ತು.

ಈಗ ವಿಷಯಕ್ಕೆ ಬರ್ತೀನಿ. ಓದು ಕಷ್ಟ ಅಂತ ಅಂದ್ಕೊಂಡಿದ್ದೆ, ಕಷ್ಟಾನೇ, ಆದ್ರೆ ಅದಕ್ಕಿಂತ ಕಷ್ಟ ಕ್ಲಾಸಲ್ಲಿ ಕೂರೋದು. ಎಲ್ರೂ 21, 22ರ ಮಕ್ಳು, ಆಂಟಿ ಅಂತಾರೆ, ಕೆಟ್ಟ ಮಕ್ಕಳಲ್ಲ, ಬಸ್ಸಲ್ಲಿ ಸಿಕ್ರೆ ಎದ್ದು ಸೀಟ್ ಕೊಡ್ತಾರೆ. ಆದ್ರೆ ನಾನು ಹೋಗಿ ಕೂತ ತಕ್ಷಣ ಮಾತು ನಿಂತೋಗತ್ತೆ. ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ನಾನಿದೀನಿ, ಆದ್ರೆ ಅದಲ್ದೆ ಇನ್ನೊಂದು ಗ್ರೂಪ್ ಇದೆ ಅಂತ ಆಮೇಲೆ ಗೊತ್ತಾಯ್ತು, ಇಂಟರ್ನಲ್ ಟೆಸ್ಟ್ ಮುಂದಕ್ಕೆ ಹೋಗಿದ್ದು ಅದ್ರಲ್ಲಿ ಬಂದಿತ್ತಂತೆ, ನಾನು ಅವತ್ತು ರಾತ್ರಿಯಿಡೀ ಓದಿ ಬೆಳಿಗ್ಗೆ ಅಡುಗೆ ಮಾಡಿಟ್ಟು ಓಡ್ಕೊಂಡು ಹೋದ್ರೆ ಕ್ಲಾಸಲ್ಲಿ ನಾಲ್ಕೇ ಜನ.

ಲೆಕ್ಚರರ್‌ಗಳದ್ದು ಇನ್ನೊಂದು ಥರ. ಕಾಂಟ್ರ್ಯಾಕ್ಟ್ ಅಂದ್ರೆ ಕರಾರು ಕಾನೂನಿನ ಪಾಠ ಮಾಡೋರಿಗೆ ಹೆಚ್ಚಂದ್ರೆ 32 ಇರ್ಬೋದು, ನನ್ನ ಮೇಡಂ ಅಂತಾರೆ. ಎಲ್ರನ್ನೂ ಎಬ್ಬಿಸಿ ಪ್ರಶ್ನೆ ಕೇಳ್ತಾರೆ ನನ್ನ ಬೆಂಚ್ ಬಂದ್ರೆ ಹಾರಿಸ್ಕೊಂಡು ಹಿಂದಿನ ಬೆಂಚಿಗೆ ಹೋಗ್ತಾರೆ, ಮರ್ಯಾದೆಗೆ ಹಾಗೆ ಮಾಡ್ತಿರ್ಬೋದು ಆದ್ರೆ ನಂಗದು ಹಿಂಸೆ. ಮೊನ್ನೆ ಬಾಲ್ಫೋರ್ ಕೇಸ್ ಮಾಡಿದ್ರು, 1919ದು. ಗಂಡ ಸಿಲೋನಲ್ಲಿ, ಹೆಂಡ್ತಿ ಹುಷಾರಿಲ್ದೆ ಇಂಗ್ಲೆಂಡಲ್ಲಿ, ತಿಂಗಳಿಗೆ 30 ಪೌಂಡ್ ಕಳಿಸ್ತೀನಿ ಅಂದವನು ಕಳಿಸ್ಲಿಲ್ಲ, ಕೋರ್ಟು ಗಂಡ ಹೆಂಡ್ತಿ ಮನೆಯೊಳಗಿನ ಮಾತು ಕಾಂಟ್ರ್ಯಾಕ್ಟ್ ಆಗಲ್ಲ ಅಂತು. ಗಂಡ ಹೆಂಡ್ತಿ ಅಂದ ತಕ್ಷಣ ಇಡೀ ಕ್ಲಾಸು ನನ್ನ ಕಡೆ ತಿರುಗಿ ನಗ್ತು. ನಾನೂ ನಕ್ಕೆ. ಹೇಳೋಕೆ ಬೇಕಾದಷ್ಟಿತ್ತು, ಹೇಳ್ಲಿಲ್ಲ.

ನನ್ನ ಪ್ರಶ್ನೆ: ಇವ್ರ ಜೊತೆ ಬೆರೆಯೋಕೆ ಪ್ರಯತ್ನ ಪಡ್ಬೇಕಾ, ಇಲ್ಲ ಸುಮ್ನೆ ಬಂದು ಪಾಠ ಕೇಳ್ಕೊಂಡು ಹೋಗೋದೇ ಸರೀನಾ? ಇನ್ನೊಂದು, ಸೆಕ್ಷನ್‌ಗಳು ತಲೇಲಿ ನಿಲ್ತಿಲ್ಲ, ಬೆಳಿಗ್ಗೆ ಓದಿದ್ದು ಸಂಜೆಗೆ ಇಲ್ಲ. ಬರೆಯೋ ಸ್ಪೀಡೂ ಹೋಗಿದೆ. ಅನುಭವ ಇರೋರು ಹೇಳಿ. ದಯವಿಟ್ಟು ಆ ಪಟ್ನಾದ ತಾತ 98ನೇ ವಯಸ್ಸಲ್ಲಿ ಎಂ.ಎ ಪಾಸಾದ್ರು ಅನ್ನೋ ಫಾರ್ವರ್ಡ್ ಕಳಿಸ್ಬೇಡಿ, ನಮ್ಮೆಜಮಾನ್ರು, ನಾದಿನಿ, ಆಡಿಟರ್ ಎಲ್ರೂ ಕಳಿಸಿ ಆಗಿದೆ.

---

ರಿಟೈರ್ಡ್_ಕ್ಯಾಷಿಯರ್

ಮೇಡಂ, ನಾನು ಬ್ಯಾಂಕಲ್ಲಿ ವಿಆರ್‌ಎಸ್ ತಗೊಂಡು 52ಕ್ಕೆ ಲಾ ಸೇರಿದವನು, ಮೈಸೂರು. ಈಗ ಪ್ರಾಕ್ಟೀಸ್ ಮಾಡ್ತಾ ಇದೀನಿ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬೆರೆಯೋಕೆ ಹೋಗ್ಬೇಡಿ. ಅವ್ರ ವಯಸ್ಸಿನ ಖುಷಿ ಅವ್ರಿಗೆ, ನಾವು ಮಧ್ಯೆ ಹೋಗಿ ಕೂತ್ರೆ ಅವ್ರಿಗೂ ಮುಜುಗರ ನಮಗೂ ಮುಜುಗರ. ನಾನು ಮೊದಲ ಬೆಂಚು, ಕಿಟಕಿ ಪಕ್ಕ, ಕ್ಲಾಸ್ ಮುಗಿದ್ರೆ ಲೈಬ್ರರಿ, ಅಷ್ಟೇ. ಒಬ್ಬ ಹುಡುಗನ್ನ ಮಾತ್ರ ಚೆನ್ನಾಗಿ ಪರಿಚಯ ಮಾಡ್ಕೊಂಡಿದ್ದೆ, ಕ್ಲಾಸ್ ರೆಪ್ರೆಸೆಂಟೇಟಿವ್, ಸುದ್ದಿಯೆಲ್ಲ ಅವನಿಂದ ಬರ್ತಿತ್ತು. ನೀವೂ ಅದೊಂದು ಮಾಡಿ, ಆ ಇನ್ನೊಂದು ಗ್ರೂಪಿಗೆ ಸೇರಿಸಿ ಅಂತ ಕೇಳೋ ಅವಶ್ಯಕತೆ ಇಲ್ಲ.

ಮುಖ್ಯವಾದ್ದು ಅಟೆಂಡೆನ್ಸ್. ಪ್ರತಿ ಸಬ್ಜೆಕ್ಟಲ್ಲೂ 70% ಇರ್ಬೇಕು, ವಕೀಲಿಕೆಗೂ ಲಾ ಓದಿಗೂ ನಿಯಮ ಮಾಡೋ ಬಾರ್ ಕೌನ್ಸಿಲ್ ರೂಲ್ಸು, ಕಾಲೇಜಿನವ್ರು ಕರುಣೆ ತೋರಿಸೋಕೂ ಒಂದು ಮಿತಿ ಇದೆ. ನಮ್ಮ ವಯಸ್ಸಿನೋರಿಗೆ ಇದೇ ನಿಜವಾದ ಪರೀಕ್ಷೆ. ಹುಡುಗ್ರು ಬಂಕ್ ಹೊಡೆದು ಅಟೆಂಡೆನ್ಸ್ ಕಳ್ಕೊಳ್ತಾರೆ, ನಾವು ಮದುವೆ, ಗೃಹಪ್ರವೇಶ, ತಿಥಿ, ಆಸ್ಪತ್ರೆ ಅಂತ ಕಳ್ಕೊಳ್ತೀವಿ. ಯಾರ್ಯಾರ ಮನೆ ಕಾರ್ಯಕ್ಕೆ ಹೋಗ್ಬೇಕು ಯಾರದ್ದಕ್ಕೆ ಯಜಮಾನ್ರನ್ನ ಒಬ್ರನ್ನೇ ಕಳಿಸ್ಬೋದು ಅಂತ ಈಗ್ಲೇ ಲೆಕ್ಕ ಹಾಕ್ಕೊಳ್ಳಿ, ಶ್ರಾವಣ ಬಂದ್ಮೇಲೆ ಯೋಚ್ನೆ ಮಾಡಿದ್ರೆ ಆಗಲ್ಲ.

ಬರೆಯೋ ಸ್ಪೀಡಿನ ಬಗ್ಗೆ. ಪೇಪರ್ 80 ಮಾರ್ಕ್ಸಿಗೆ, ಇಂಟರ್ನಲ್ 20. ಐದು ಯೂನಿಟ್, ಒಂದೊಂದರಲ್ಲೂ 10 ಮಾರ್ಕ್ಸಿನ ಒಂದು ಪ್ರಬಂಧ, 6 ಮಾರ್ಕ್ಸಿನ ಒಂದು ಟಿಪ್ಪಣಿ ಇಲ್ಲಾಂದ್ರೆ ಸಮಸ್ಯೆ ಬಿಡಿಸೋದು. ಮೂರು ಗಂಟೆ. ಅಂದ್ರೆ ಒಂದು ಯೂನಿಟ್‌ಗೆ 35 ನಿಮಿಷ, ಅದಕ್ಕಿಂತ ಜಾಸ್ತಿ ತಗೊಂಡ್ರೆ ಕೊನೇ ಯೂನಿಟ್ ಹೋಯ್ತು ಅಂತಾನೇ ಅರ್ಥ. ನಾವು 25 ವರ್ಷದಿಂದ ಸೈನ್ ಹಾಕೋದು ಬಿಟ್ರೆ ಪೆನ್ ಹಿಡಿದಿಲ್ಲ, ಕೈ ನೋವು ಬರತ್ತೆ, ಮಣಿಕಟ್ಟಿಂದ ಭುಜದವರೆಗೂ ಹಿಡ್ಕೊಳ್ಳತ್ತೆ. ನಾನು ದಿನಾ ಬೆಳಿಗ್ಗೆ ಒಂದು ಯೂನಿಟ್ ಗಡಿಯಾರ ಇಟ್ಕೊಂಡು ಬರೀತಿದ್ದೆ, ಓದಿದ್ದು ಸಾಲ್ದೇ ಇದ್ರೂ ಪರ್ವಾಗಿಲ್ಲ ಪೇಪರ್ ನೋಡ್ಕೊಂಡಾದ್ರೂ ಬರೀರಿ, ಮೊದ್ಲು ಕೈ ಅಭ್ಯಾಸ ಆಗ್ಲಿ. ಆಮೇಲೆ ತೆಳು ರಿಫಿಲ್ಲಿನ ಪೆನ್ ಬಿಟ್ಟು ಸ್ವಲ್ಪ ದಪ್ಪ ಹಿಡಿತ ಇರೋ ಪೆನ್ ತಗೊಳ್ಳಿ. ಕನ್ನಡಕದ ನಂಬರ್ ಚೆಕ್ ಮಾಡ್ಸಿ, ಬೋರ್ಡೂ ಪುಸ್ತಕಾನೂ ಎರಡೂ ಕಾಣೋ ಥರದ್ದು ಮಾಡ್ಸಿ, ತೆಗೆದು ಹಾಕಿ ತೆಗೆದು ಹಾಕಿ ಮಾಡೋದ್ರಲ್ಲೇ ಅರ್ಧ ನೋಟ್ಸ್ ಹೋಗತ್ತೆ.

ಸೆಕೆಂಡ್ ಹ್ಯಾಂಡ್ ಪುಸ್ತಕದ ಬಗ್ಗೆ ಒಂದು ಎಚ್ಚರ. ಪರಿಚಯದ ವಕೀಲರು ಯಾರೋ ಪ್ರೀತಿಯಿಂದ ಹಳೇ ಐಪಿಸಿ, ಸಿಆರ್‌ಪಿಸಿ ಪುಸ್ತಕ ಕೊಟ್ರೆ ನಮಸ್ಕಾರ ಹೇಳಿ ಕಪಾಟಿನಲ್ಲಿಡಿ. 2024ರ ಜುಲೈ 1ರಿಂದ ಆ ಹಳೇ ಕಾನೂನುಗಳ ಬದಲು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದಿದೆ. ಇದ್ರಲ್ಲಿ ಒಂದು ಸಮಾಧಾನ ಇದೆ ನೋಡಿ. ಕೊಲೆಗೆ 302, ವಂಚನೆಗೆ 420 ಅಂತ ಹುಟ್ಟಿದಾಗಿಂದ ಕೇಳಿರೋ ನಂಬರೆಲ್ಲ ಈಗ 103, 318 ಆಗಿದೆ. ನಮ್ಮ ಕೋರ್ಟಲ್ಲಿ 30 ವರ್ಷ ಪ್ರಾಕ್ಟೀಸ್ ಮಾಡಿರೋ ಸೀನಿಯರ್‌ಗಳೂ ಕೈಲಿ ಹೋಲಿಕೆ ಪಟ್ಟಿ ಹಿಡ್ಕೊಂಡೇ ಓಡಾಡ್ತಾರೆ. ಸೆಕ್ಷನ್ ನೆನಪಿರಲ್ಲ ಅನ್ನೋದು ನಿಮ್ಮೊಬ್ಬರ ಕಾಯಿಲೆ ಅಲ್ಲ.

---

ನೇರನುಡಿ

ಬೇಜಾರಾದ್ರೂ ಪರ್ವಾಗಿಲ್ಲ ಹೇಳ್ತೀನಿ. 48ಕ್ಕೆ ಪಾಸಾಗಿ, ವಕೀಲರಾಗಿ ಎನ್‌ರೋಲ್ ಆಗಿ, ಯಾರ ಹತ್ರ ಜೂನಿಯರ್ ಆಗ್ತೀರಾ? ಯಾವ ಸೀನಿಯರ್ ತಗೋತಾರೆ? ಅಷ್ಟಕ್ಕೆ ಒಬ್ಬ ಹುಡುಗನ ಸೀಟು ಹೋಯ್ತಲ್ವಾ. ವಯಸ್ಸಿಗೆ ಮಿತಿ ಅಂತ ಇತ್ತು ಅಂದ್ಕೊಂಡಿದ್ದೆ.

---

ರಿಟೈರ್ಡ್_ಕ್ಯಾಷಿಯರ್

@ನೇರನುಡಿ ಮಿತಿ ತರೋಕೆ ನೋಡಿದ್ರು. 2016ರಲ್ಲಿ ಬಾರ್ ಕೌನ್ಸಿಲ್ ಮೂರು ವರ್ಷದ ಕೋರ್ಸಿಗೆ 30 ದಾಟಿದವರು ಬೇಡ, ಐದು ವರ್ಷದ್ದಕ್ಕೆ 20 ದಾಟಿದವರು ಬೇಡ ಅಂತ ಸುತ್ತೋಲೆ ಹೊರಡಿಸಿತ್ತು, 2017ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಇನ್ನು ಸೀಟಿನ ಮಾತು, ನಾನು ಓದಿದ ಕ್ಲಾಸಲ್ಲಿ ಅರ್ಧ ಬೆಂಚು ಖಾಲಿ ಇರ್ತಿತ್ತು ಸ್ವಾಮಿ, ಯಾರ ಸೀಟೂ ಹೋಗಿಲ್ಲ.

ಜೂನಿಯರ್ ಪ್ರಶ್ನೆ ಮಾತ್ರ ನ್ಯಾಯವಾದ್ದೇ. ನನ್ನ ಸೀನಿಯರ್ ನನಗಿಂತ 14 ವರ್ಷ ಚಿಕ್ಕವರು. ಮೊದಮೊದಲು ಅವ್ರು ಫೈಲ್ ತನ್ನಿ ಅನ್ನೋಕೆ ಸಂಕೋಚ ಪಟ್ಕೊಂಡು ತಾವೇ ಎದ್ದು ತಗೊಳ್ತಿದ್ರು. ಒಂದಿನ ನಾನೇ ಹೇಳ್ದೆ ಸಾರ್ ಫೈಲ್ ತರೋಕೆ ಅಂತಾನೇ ಬಂದಿರೋದು ಅಂತ. ದುಡ್ಡಿನ ಆಸೆ ಇಟ್ಕೊಂಡು ಬರ್ಬಾರ್ದು. 2024ರ ಅಕ್ಟೋಬರಲ್ಲಿ ಬಾರ್ ಕೌನ್ಸಿಲ್ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ ಹಳ್ಳಿ ಕಡೆ 15 ಸಾವಿರ ಕೊಡಿ ಅಂತ ಶಿಫಾರಸು ಮಾಡ್ತು, ಅದು ಶಿಫಾರಸು ಅಷ್ಟೇ. ನಂಗೆ ಪೆನ್ಷನ್ ಇದೆ ನಡೀತದೆ. ಆದ್ರೆ ಎನ್‌ರೋಲ್‌ಮೆಂಟ್ ಖರ್ಚು ಈಗ ಭಾರ ಅಲ್ಲ, 2024ರ ಜುಲೈನ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ ಸಾಮಾನ್ಯ ವರ್ಗಕ್ಕೆ 750, ಎಸ್‌ಸಿ ಎಸ್‌ಟಿಗೆ 125, ಅದಕ್ಕಿಂತ ಮೇಲೆ ತಗೊಳ್ಳೋ ಹಾಗಿಲ್ಲ.

ಗುಬ್ಬಿಗೂಡು ಮೇಡಂ, ನಿಮಗೊಂದು ಲೆಕ್ಕ ಹೇಳ್ತೀನಿ. ನೋಟರಿ ಆಗೋಕೆ ನಮಗೆ 10 ವರ್ಷ ಪ್ರಾಕ್ಟೀಸ್ ಬೇಕು, ಹೆಂಗಸರಿಗೆ 7 ಸಾಕು. 48ಕ್ಕೆ ಶುರು ಮಾಡಿದ್ರೂ 55ಕ್ಕೆ ಅರ್ಜಿ ಹಾಕ್ಬೋದು. ಬಿ.ಕಾಂ ಬೇರೆ ಇದೆ ಲೆಕ್ಕ ಗೊತ್ತು, ತಾಲ್ಲೂಕು ಮಟ್ಟದಲ್ಲಿ ಪಾಲು, ಕ್ರಯಪತ್ರ, ವಿಲ್ಲು ಬರೆಸೋರು ಹುಡುಗ್ರ ಹತ್ರ ಹೋಗಲ್ಲ, ತಲೆ ನೆರೆತಿರೋರ ಹತ್ರಾನೇ ಬರ್ತಾರೆ.

---

ಹುಬ್ಳಿ_ಬಿಸಿಲು

ಅಕ್ಕಾರ ನಮಸ್ಕಾರ್ರಿ. ನಾನೂ 39ಕ್ಕ ಲಾ ಸೇರಿದಾಕಿ, ಹೋದ ವರ್ಷ ಮುಗೀತು, ಇನ್ಶೂರೆನ್ಸ್ ಏಜೆಂಟ್ ಕೆಲಸ ಮಾಡ್ಕೋತ ಓದಿದೆ. ಕ್ಯಾಷಿಯರ್ ಅಣ್ಣಾರು ಹೇಳಿದ ಅಟೆಂಡೆನ್ಸ್, ಬರಿಯೂದು ಎಲ್ಲಾ ಖರೇ. ಆದ್ರ ಹುಡುಗರ ಜೋಡಿ ಬೆರೀಬ್ಯಾಡ್ರಿ ಅಂದದ್ದು ಮಾತ್ರ ನಾ ಒಪ್ಪೂದಿಲ್ಲ. ಗಂಡಸರಿಗೆ ನಡೀತದರೀ, ಕಿಟಕಿ ಬಾಜೂಕ ಒಬ್ಬರ ಕುಂತ್ರ ದೊಡ್ಡ ಮನಶ್ಯಾ ಅಂತಾರ. ಹೆಣಮಕ್ಕಳು ಹಂಗ ಕುಂತ್ರ ಸೊಕ್ಕು ಅಂತಾರ.

ಮತ್ತ ಇದು ಒಬ್ಬರ ಮಾಡೋ ಓದಲ್ರಿ. ಮೂಟ್ ಕೋರ್ಟ್, ಅಂದ್ರ ಅಭ್ಯಾಸಕ್ಕ ಮಾಡೋ ಅಣಕು ಕೋರ್ಟ್, ಬರ್ಲಿ ನೋಡ್ರಿ, ಮೂರು ಮೂಟ್ ಮಾಡ್ಬೇಕು, ಕೋರ್ಟಿಗೆ ಹೋಗಿ ಎರಡು ಕೇಸಿನ ವಿಚಾರಣೆ ಕುಂತು ನೋಡಿ ಬರೀಬೇಕು, ಇಂಟರ್ನ್‌ಶಿಪ್ ಡೈರಿ, ವೈವಾ. ಇದಕ್ಕೆಲ್ಲಾ ಜೋಡಿ ಬೇಕ ಬೇಕು. ನಮ್ಮ ಹುಡುಗರು ಲ್ಯಾಪ್‌ಟಾಪಿನ್ಯಾಗ ಐದ ನಿಮಿಷಕ್ಕ ತೀರ್ಪು ಹುಡುಕಿ ತಗೀತಿದ್ರು, ನಾ ಅದನ್ನ ಕಲಿಯೂ ಹೊತ್ತಿಗೆ ಸೆಮಿಸ್ಟರ್ ಮುಗೀತಿತ್ತು. ನಂಗ ಇಂಗ್ಲಿಷೂ ಅಷ್ಟಕ್ಕಷ್ಟ. ಒಂದು ಹುಡುಗಿ ನನ್ನ ಮಾತು ಕೇಳಿ ಕೇಳಿ ಇಂಗ್ಲಿಷ್‌ನ್ಯಾಗ ಹಾಕಿ ಕೊಡ್ತಿದ್ಲು, ನಾ ಆಕಿಗೆ ಜಡ್ಜ್ ಮುಂದ ನಿಂತಾಗ ಕೈ ನಡುಗಲಾರದಂಗ ಹೆಂಗ ಮಾತಾಡ್ಬೇಕು ಅಂತ ಹೇಳಿಕೊಟ್ಟೆ. ದಿನಾ ಹತ್ತು ಮನಿ ಬಾಗಿಲಾ ಬಡಿದು ಪಾಲಿಸಿ ಮಾರಿದಾಕಿಗೆ ಜಡ್ಜ್ ಏನ್ ಮಹಾ ಅಲ್ರೀ.

ಒಂದು ಮಾತ ಹೇಳ್ತೇನಿ ಕೇಳ್ರಿ. ಕಾಲೇಜಿನಿಂದ ಕುಂದಗೋಳ ಕಡೆ ಒಂದು ಹಳ್ಳ್ಯಾಗ ಕಾನೂನು ಅರಿವು ಶಿಬಿರ ಇಟ್ಟಿದ್ರು. ಗುಡಿ ಕಟ್ಟಿ ಮ್ಯಾಲೆ ಟೇಬಲ್ ಹಾಕ್ಕೊಂಡು ಕುಂತಿದ್ವಿ. ಒಬ್ಬಾಕಿ ಆಯಿ ಬಂದು ಸುಮ್ಮ ನಿಂತ್ಲು. ನಮ್ಮ ಹುಡುಗ, ಕ್ಲಾಸಿಗೆ ಫಸ್ಟ್ ಬರಾಂವ, ಫಾರ್ಮ್ ಹಿಡ್ಕೊಂಡು "ತಮ್ಮ ಸಮಸ್ಯೆಯ ಸ್ವರೂಪವೇನು" ಅಂದ. ಆಯಿ ಅವನ ಮಾರಿ ನೋಡಿದ್ಲು, ಫಾರ್ಮ್ ನೋಡಿದ್ಲು, ಏನಿಲ್ಲಪಾ ಅಂತ ಹೊಂಟ್ಲು. ನಾ ಎದ್ದು ಹೋಗಿ ಬಾಜೂಕ ಕುಂತೆ, ಯಾರ ಪೈಕಿ ಬೇ ನೀ, ಮಕ್ಕಳೆಷ್ಟು, ಸೊಸಿ ಹೆಂಗದಾಳ ಅಂತ ಕೇಳ್ಕೋತ ಎಲಿ ಅಡಿಕಿ ಹಾಕ್ಕೊಂಡ್ವಿ. ವಿಧವಾ ಪಿಂಚಣಿ ಬರವಲ್ದು ಅಂತ ಶುರು ಮಾಡಿದ್ಲು. ಮಾತಾಡ್ತ ಮಾತಾಡ್ತ ಗೊತ್ತಾತು, ಪಿಂಚಣಿ ಬರಾಕತ್ತೈತಿ, ಪಾಸ್‌ಬುಕ್ಕು ಎಟಿಎಂ ಕಾರ್ಡು ಮಗನ ಕಡೆ ಐತಿ, ಅಂವ ತಕ್ಕೋತಾನ. ಮಗನ ಮ್ಯಾಲೆ ಕೇಸ್ ಅಂದ್ರ ಆಕಿ ಎದ್ದು ಓಡಿ ಹೋಗ್ತಿದ್ಲು, ಅದಕ್ಕ ಮೊದಲ ಬ್ಯಾಂಕಿಗೆ ಹೋಗಿ ಕಾರ್ಡ್ ಬಂದ್ ಮಾಡಿಸೂ ಅರ್ಜಿ ಬರಕೊಟ್ವಿ. ಹಿರಿಯ ನಾಗರಿಕರ 2007ರ ಕಾಯ್ದೆ, ಜೀವನಾಂಶ ಎಲ್ಲಾ ಆ ಹುಡುಗಗ ಬಾಯಿಪಾಠ ಇತ್ತು, ಸೆಕ್ಷನ್ ಸಹಿತ. ಆದ್ರ ಆಯಿ ಬಾಯಿ ಬಿಡಿಸೂದು ಸಿಲಬಸ್‌ನ್ಯಾಗ ಇಲ್ರೀ. ಆವತ್ತಿಂದ ಆ ಹುಡುಗ ನನ್ನ ಬಿಟ್ಟು ಶಿಬಿರಕ್ಕ ಹೋಗ್ಲಿಲ್ಲ.

ಅದಕ್ಕ ಅಕ್ಕಾರ, ಬಾಲ್ಫೋರ್ ಕೇಸ್ ದಿನ ನೀವು ಎದ್ದು ಮಾತಾಡ್ಬೇಕಿತ್ತು. ಲೆಕ್ಚರರ್ ಕೇಳ್ಲಿಲ್ಲಂದ್ರ ನೀವ ಕೈ ಎತ್ರಿ.

---

ಲಾಸ್ಟ್‌ಬೆಂಚ್_ಲಾಯರ್

ನಾನು ಐದು ವರ್ಷದ ಕೋರ್ಸು, ಬೆಂಗ್ಳೂರು, 22 ವರ್ಷ, ಅಂದ್ರೆ ಎದುರು ಪಾರ್ಟಿ ಕಡೆಯಿಂದ ಹಾಜರಾಗ್ತಿದೀನಿ. ನಾವು ಮೂರು ವರ್ಷದವ್ರ ಜೊತೆ ಕೆಲವು ಕ್ಲಾಸ್ ಕಂಬೈನ್ ಕೂರ್ತೀವಿ, ಅಲ್ಲಿ ನಿಮ್ಮ ವಯಸ್ಸಿನೋರು ಇದಾರೆ.

ಅಕ್ಕ, ಆ ಎರಡನೇ ಗ್ರೂಪ್ ನಿಮ್ಮನ್ನ ಹೊರಗಿಡೋಕೆ ಅಂತ ಮಾಡಿರಲ್ಲ ನಿಜವಾಗ್ಲೂ. ಅದ್ರಲ್ಲಿ ಬರೀ ಮೀಮ್ಸು, ಬೈಗುಳ, ಲೆಕ್ಚರರ್‌ಗಳ ಸ್ಟಿಕ್ಕರ್ರು, ಯಾರ ಹಿಂದೆ ಯಾರು ಬಿದ್ದಿದಾರೆ ಅನ್ನೋದು. ನಮ್ಮ ಭಯ ಒಂದೇ, ನೀವು ನೋಡಿದ್ರೆ ನಮ್ಮಮ್ಮ ನೋಡಿದ ಹಾಗೆ ಆಗತ್ತೆ, ಆಮೇಲೆ ನೀವು ಸ್ಟಾಫ್ ರೂಮಲ್ಲಿ ಮೇಡಂಗಳ ಜೊತೆ ಕೂತು ಮಾತಾಡ್ತೀರಾ ಅಲ್ಲಿ ಏನಾದ್ರೂ ಬಾಯ್ತಪ್ಪಿ ಹೇಳ್ಬಿಟ್ರೆ ಅಂತ. ಸೀರಿಯಸ್ಸಾಗಿ ಹೇಳ್ತಿದೀನಿ ಸ್ಟಾಫ್ ರೂಮಲ್ಲಿ ಕೂತು ಟೀ ಕುಡಿಯೋ ಸ್ಟೂಡೆಂಟ್‌ನ ಯಾರೂ ನಂಬಲ್ಲ, ವಯಸ್ಸು ಎಷ್ಟೇ ಇರ್ಲಿ. ಟೆಸ್ಟ್ ಮುಂದಕ್ಕೆ ಹೋಗಿದ್ದು ಹೇಳ್ದೇ ಇದ್ದಿದ್ದು ಮಾತ್ರ ತಪ್ಪು ಅದು ಸಿಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಕೆಲಸ, ಅವನ್ನ ಹಿಡ್ಕೊಂಡು ಕೇಳಿ, ಆಂಟಿ ಥರ ಅಲ್ಲ ಕ್ಲಾಸ್‌ಮೇಟ್ ಥರ ಬೈದು ಕೇಳಿ, ಅವತ್ತಿಂದ ಸರಿ ಹೋಗತ್ತೆ.

ಇನ್ನೊಂದು, ಇದು ಯಾರೂ ಹೇಳಲ್ಲ. ಕ್ಯಾಂಟೀನಲ್ಲಿ ದುಡ್ಡು ಕೊಡ್ಬೇಡಿ. ನಮ್ಮ ಕ್ಲಾಸಲ್ಲಿರೋ ಒಬ್ರು ಅಂಕಲ್ ಪ್ರತಿ ಸಲ ಎಲ್ರ ಟೀ ಪಫ್ಸ್ ದುಡ್ಡು ತಾವೇ ಕೊಟ್ಬಿಡ್ತಾರೆ, ಒಳ್ಳೇ ಮನಸ್ಸು, ಆದ್ರೆ ಅದಾದ್ಮೇಲೆ ಯಾರೂ ಅವ್ರ ಜೊತೆ ಕ್ಯಾಂಟೀನಿಗೆ ಹೋಗಲ್ಲ, ಹೋದ್ರೆ ಬಿಟ್ಟಿ ತಿಂದ ಹಾಗಾಗತ್ತೆ ಅಂತ. ನಿಮ್ಮ 15 ರೂಪಾಯಿ ನೀವು ಫೋನ್‌ಪೇ ಮಾಡಿ, ನಮ್ಮ 15 ನಾವು ಮಾಡ್ತೀವಿ, ಒಂದ್ಸಲ ನಿಮ್ಮ ಹತ್ರ ಚೇಂಜ್ ಇಲ್ಲ ಅಂತ ನಮ್ಮಿಂದ ಕೊಡಿಸ್ಕೊಳ್ಳಿ, ಅಲ್ಲಿಗೆ ನೀವು ಗ್ಯಾಂಗಲ್ಲಿ ಸೇರಿದ್ರಿ ಅಂತ. ಮತ್ತೆ "ಯಾವೂರು, ಅಪ್ಪ ಏನ್ ಮಾಡ್ತಾರೆ, ಮನೇಲಿ ಯಾರ್ಯಾರಿದಾರೆ" ಪ್ಲೀಸ್ ಬೇಡ. ಹುಬ್ಳಿ ಅಕ್ಕ ಶಿಬಿರದಲ್ಲಿ ಕೇಳಿದ್ದು ಸೂಪರ್, ಆದ್ರೆ ನಮ್ಮನ್ನ ಕೇಳಿದ್ರೆ ನಾವೂ ಏನಿಲ್ಲ ಅಂತ ಎದ್ದು ಹೋಗ್ತೀವಿ 😅

ನೋಟ್ಸ್ ವಿಷ್ಯಕ್ಕೆ ಬಂದ್ರೆ ನಿಮ್ಮ ಪವರ್ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ. ನೀವು ದಿನಾ ಬರ್ತೀರಾ, ಮೊದಲ ಬೆಂಚು, ಎಲ್ಲಾ ಬರ್ಕೋತೀರಾ. ಎಕ್ಸಾಮ್ ಹಿಂದಿನ ವಾರ ಇಡೀ ಕ್ಲಾಸ್‌ಗೆ ನಿಮ್ಮ ನೋಟ್ಸೇ ಬೇಕು. ಕೊಡಿ, ಆದ್ರೆ ಫೋಟೋ ತೆಗೆದು ಪಿಡಿಎಫ್ ಮಾಡೋದು ಅವ್ರ ಕೈಲೇ ಮಾಡ್ಸಿ, ಹಾಗೇ ನೀವೂ ಕಲೀತೀರಾ.

---

ಸ್ಟಾಫ್‌ನರ್ಸ್_ಶಿವಮೊಗ್ಗ

ಓದಿನ ಬಗ್ಗೆ ನಂಗೆ ಗೊತ್ತಿಲ್ಲ, ಆದ್ರೆ ಬೆಳಿಗ್ಗೆ ಓದಿದ್ದು ಸಂಜೆಗೆ ಇಲ್ಲ ಅಂದ್ರಲ್ಲ ಅದಕ್ಕೆ ಬರೀತಿದೀನಿ. 45 ಅಂದ್ರೆ ಮುಟ್ಟು ನಿಲ್ಲೋಕೆ ಮುಂಚಿನ ವರ್ಷಗಳು ಶುರುವಾಗೋ ವಯಸ್ಸು. ನಿದ್ದೆ ಕೆಡತ್ತೆ, ರಾತ್ರಿ ಮೈ ಬಿಸಿಯಾಗಿ ಎಚ್ಚರ ಆಗತ್ತೆ, ಗಮನ ನಿಲ್ಲಲ್ಲ, ಮಾತಿನ ಮಧ್ಯೆ ಪದ ಮರ್ತುಹೋಗತ್ತೆ. ತುಂಬಾ ಹೆಂಗಸ್ರು ಇದನ್ನ ನಂಗೆ ವಯಸ್ಸಾಯ್ತು ತಲೆ ಓಡಲ್ಲ ಅಂತ ಅಂದ್ಕೊಂಡು ಸುಮ್ಮನಾಗ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ಒಂದ್ಸಲ ನೋಡ್ಸಿ, ಋತುಸ್ರಾವ ಜಾಸ್ತಿ ಆಗ್ತಿದ್ರೆ ಖಂಡಿತ ಡಾಕ್ಟರಿಗೆ ಹೇಳಿ. ರಾತ್ರಿಯಿಡೀ ಓದಿ ಬೆಳಿಗ್ಗೆ ಅಡುಗೆ ಮಾಡಿ ಓಡೋದು 20ಕ್ಕೆ ನಡೆಯತ್ತೆ ಈಗ ನಡೆಯಲ್ಲ. ಓದಿದ್ದು ತಲೇಲಿ ಕೂರೋದೇ ನಿದ್ದೇಲಿ, ಆ ನಿದ್ದೇನೇ ಕತ್ತರಿಸಿ ಓದಿದ್ರೆ ಏನು ಬಂತು. ಬಸ್ಸಲ್ಲಿ ಹೋಗ್ತಾ ನಿನ್ನೆ ಓದಿದ್ದನ್ನ ಪುಸ್ತಕ ತೆಗೀದೆ ನೆನಪು ಮಾಡ್ಕೊಳ್ಳಿ, ಬರ್ದೇ ಇದ್ದಿದ್ದನ್ನ ಮಾತ್ರ ತೆಗೆದು ನೋಡಿ. ಮತ್ತೆ ಮತ್ತೆ ಓದೋದಕ್ಕಿಂತ ಅದು ಚೆನ್ನಾಗಿ ಉಳಿಯತ್ತೆ.

---

ಗುಬ್ಬಿಗೂಡು

ಎಲ್ರಿಗೂ ಥ್ಯಾಂಕ್ಸ್. ಇಷ್ಟೆಲ್ಲ ಬರೀತಾರೆ ಅಂತ ಅಂದ್ಕೊಂಡಿರ್ಲಿಲ್ಲ. @ಲಾಸ್ಟ್‌ಬೆಂಚ್ ನಿನ್ನ ಟೀ ದುಡ್ಡಿನ ಮಾತು ಓದಿ ನಗು ಬಂತು, ನಾನು ಬೇಕರೀಲಿ ಸಿಕ್ಕೋರಿಗೆಲ್ಲ ಬನ್ನು ಕೊಡಿಸ್ತಿದ್ದೆ ಕಣಪ್ಪ, ಹಾಗಾದ್ರೆ ನಿಲ್ಲಿಸ್ತೀನಿ. @ನರ್ಸ್ ಮೇಡಂ ರಾತ್ರಿ ಎಚ್ಚರ ಆಗೋದು ನಿಜ, ಟೆಸ್ಟ್ ಮಾಡಿಸ್ತೀನಿ. ನೋಟರಿ ವಿಷಯ ನಮ್ಮನೇಲಿ ಹೇಳ್ದೆ, ಅತ್ತೆ ಅಲ್ಲೀವರೆಗೂ ಟಿವಿ ನೋಡ್ತಾ ಇದ್ದೋರು ಸೌಂಡ್ ಕಮ್ಮಿ ಮಾಡಿ "ಸೀಲು ಕೊಡ್ತಾರಾ" ಅಂತ ಕೇಳಿದ್ರು.

ಈ ವಾರ ಫ್ಯಾಮಿಲಿ ಲಾದಲ್ಲಿ ಹೆಣ್ಣುಮಕ್ಕಳ ಹಕ್ಕು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ನಮ್ಮ ಕರ್ನಾಟಕ ಮಾಡಿದ ತಿದ್ದುಪಡಿ, ಸೆಕ್ಷನ್ 6ಎ, ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೂ ಪಾಲು ಅನ್ನೋದು. ಆ ಜುಲೈ 30ಕ್ಕಿಂತ ಮುಂಚೆ ಮದುವೆ ಆದ ಹೆಣ್ಣುಮಕ್ಕಳಿಗೆ ಇಲ್ಲ, ಆಮೇಲೆ ಆದೋರಿಗೆ ಇದೆ. ಹುಬ್ಳಿಯವ್ರ ಮಾತು ತಲೇಲಿತ್ತು, ಕೈ ಎತ್ತಿದೆ. ಲೆಕ್ಚರರ್‌ಗೆ ಗಾಬರಿ. ನಮ್ಮಕ್ಕನಿಗೆ ಒಂದೇ ವರ್ಷದ ಅಂತರದಲ್ಲಿ ಹಕ್ಕು ತಪ್ಪಿಹೋಗಿದ್ದು, ನಂಗೆ ಹಕ್ಕಿದ್ದೂ ಸೈನ್ ಹಾಕಿಸ್ಕೊಂಡಿದ್ದು ಹೇಳ್ದೆ, ಊರು ಹೆಸ್ರು ಏನೂ ಹೇಳ್ದೆ ಒಂದು ಮನೇಲಿ ಹೀಗಾಯ್ತು ಅಂತ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅನ್ನೋ 2005ರ ಕೇಂದ್ರದ ತಿದ್ದುಪಡಿ, ಅದನ್ನ ಎತ್ತಿ ಹಿಡಿದ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಬಂದ್ಮೇಲೆ ಆ ಅಕ್ಕನಿಗೆ ಸಿಗತ್ತಾ ಅಂತ ಕೇಳ್ದೆ. ಅವ್ರು ಪಾಲು ನೋಂದಣಿ ಆಗಿದ್ದು ಯಾವಾಗ ಅಂತ ವಾಪಸ್ ಕೇಳಿದ್ರು, 2002 ಅಂದೆ, 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಆದ ಪಾಲನ್ನ ಮುಟ್ಟೋ ಹಾಗಿಲ್ಲ ಅಂದ್ರು. ಅದಾದ್ಮೇಲೆ ಹಿಂದಿನ ಬೆಂಚಿಂದ ಒಬ್ಳು ಎದ್ದು ಅವ್ರಮ್ಮನ ಕಥೆ ಕೇಳಿದ್ಲು, ಇನ್ನೊಬ್ಬ ಅಜ್ಜೀದು, ಬೆಲ್ ಹೊಡೆದ್ರೂ ಮುಗೀಲಿಲ್ಲ. ಹೊರಗೆ ಬಂದಾಗ ಆ ಹುಡುಗಿ ಅವರ ಊರಿನ ಪಾಲುಪತ್ರದ ಫೋಟೋ ಮೊಬೈಲಲ್ಲಿ ತೋರ್ಸಿ ಓದಿ ಹೇಳಿ ಅಂತ ನಿಂತ್ಕೊಂಡ್ಲು. ಹಳೇ ಕೈಬರಹ ಅವಳಿಗೆ ಓದೋಕೆ ಬರ್ತಿರ್ಲಿಲ್ಲ, ಚಕ್ಕುಬಂದಿ ಅಂದ್ರೆ ಆಸ್ತಿಯ ನಾಲ್ಕೂ ದಿಕ್ಕಿನ ಗಡಿ ಅಂತಾನೂ ಗೊತ್ತಿರ್ಲಿಲ್ಲ.

ಒಂದು ಡೌಟು. ಎಕ್ಸಾಮ್ ಕನ್ನಡದಲ್ಲಿ ಬರೀಬೋದಾ? ಬಿ.ಕಾಂ ಇಂಗ್ಲಿಷಲ್ಲೇ ಮಾಡಿದ್ದು ಆದ್ರೆ ಈಗ ಸ್ಪೀಡಿಲ್ಲ.

---

ರಿಟೈರ್ಡ್_ಕ್ಯಾಷಿಯರ್

ಬರೀಬೋದು. ಪ್ರಶ್ನೆಪತ್ರಿಕೆ ಮೇಲೇನೇ ಇರತ್ತೆ, ಪೂರ್ತಿ ಇಂಗ್ಲಿಷಲ್ಲಿ ಇಲ್ಲ ಪೂರ್ತಿ ಕನ್ನಡದಲ್ಲಿ, ಅರ್ಧ ಅದು ಅರ್ಧ ಇದು ಮಾಡೋ ಹಾಗಿಲ್ಲ. ಎರಡ್ರಲ್ಲೂ ಒಂದೊಂದು ಯೂನಿಟ್ ಬರೆದು ನೋಡಿ ಯಾವುದ್ರಲ್ಲಿ ಕೈ ಓಡತ್ತೋ ಅದ್ರಲ್ಲೇ ಬರೀರಿ, ನಮ್ಮ ಬ್ಯಾಚಲ್ಲಿ ಕನ್ನಡದಲ್ಲಿ ಬರೆದು ಒಳ್ಳೇ ಮಾರ್ಕ್ಸ್ ತಗೊಂಡೋರು ಇದ್ರು. ಮುಂದೆ ವಕೀಲಿಕೆ ಮಾಡೋಕೆ ಬರೀಬೇಕಾದ ಅಖಿಲ ಭಾರತ ಬಾರ್ ಪರೀಕ್ಷೇನೂ ಕನ್ನಡದಲ್ಲಿ ಬರೀಬೋದು.

ಹುಬ್ಳಿ ತಂಗಿ ಹೇಳಿದ್ದು ನಿಮಗೆ ಕೆಲಸ ಮಾಡಿದೆ, ಸಂತೋಷ. ಆದ್ರೂ ಕ್ಯಾಂಟೀನಲ್ಲಿ ಹುಡುಗ್ರ ಜೊತೆ ಬೆರೆಯೋ ವಿಷಯದಲ್ಲಿ ನನ್ನ ಮಾತೇ ನನ್ನದು.

---

ಹುಬ್ಳಿ_ಬಿಸಿಲು

ಅಣ್ಣಾರ ನಿಮ್ಮನ್ನ ಕ್ಯಾಂಟೀನಿಗೆ ಯಾರೂ ಕರೀಲೇ ಇಲ್ಲೇನ್ರಿ? 😀

---

ಕಾಫಿತೋಟ

ಮಧ್ಯೆ ಬರ್ತಿರೋದಕ್ಕೆ ಸಾರಿ. ನಾನೂ ಸೇರ್ಬೇಕು ಅಂತಿದೀನಿ, 41 ವರ್ಷ, ಮೂಡಿಗೆರೆ ಹತ್ರ. ನಂದು ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಲಾ ಸೇರಿಸ್ಕೊಳ್ಳಲ್ಲ ಅಂತ ಒಬ್ರು ಹೇಳಿದ್ರು. ಲಾನೇ ಕರೆಸ್ಪಾಂಡೆನ್ಸಲ್ಲಿ ಮಾಡೋಕೆ ಆಗತ್ತಾ, ತೋಟ ಬಿಟ್ಟು ದಿನಾ ಹೋಗೋದು ಕಷ್ಟ.

---

ರಿಟೈರ್ಡ್_ಕ್ಯಾಷಿಯರ್

@ಕಾಫಿತೋಟ ಕರೆಸ್ಪಾಂಡೆನ್ಸಲ್ಲಿ ವಕೀಲಿಕೆ ಮಾಡೋ ಎಲ್‌ಎಲ್‌ಬಿ ಇಲ್ಲ, ಯಾರಾದ್ರೂ ಮಾಡಿಸ್ಕೊಡ್ತೀವಿ ಅಂದ್ರೆ ದುಡ್ಡು ಕೊಡ್ಬೇಡಿ. ನಿಮ್ಮ ಬಿ.ಎ. ಬಗ್ಗೆ: ಎಸ್‌ಎಸ್‌ಎಲ್‌ಸಿ, ಪಿಯುಸಿ ಪಾಸಾಗಿ ಆಮೇಲೆ ಮುಕ್ತ ವಿವಿಯಲ್ಲಿ ಡಿಗ್ರಿ ಮಾಡಿದ್ರೆ ತೊಂದ್ರೆ ಇಲ್ಲ. ಪಿಯುಸಿ ಇಲ್ದೇ ನೇರವಾಗಿ ಡಿಗ್ರಿಗೆ ಸೇರ್ಕೊಂಡೋರಿಗೆ ಮಾತ್ರ ಬಾರ್ ಕೌನ್ಸಿಲ್ ಬೇಡ ಅನ್ನತ್ತೆ. ಡಿಗ್ರೀಲಿ ಸಾಮಾನ್ಯ ವರ್ಗಕ್ಕೆ 45%, ಒಬಿಸಿಗೆ 42, ಎಸ್‌ಸಿ ಎಸ್‌ಟಿಗೆ 40 ಇರ್ಬೇಕು. ಮತ್ತೆ ನೀವು ಓದಿದ ವರ್ಷ ನೋಡ್ಕೊಳ್ಳಿ, ಮೈಸೂರಿನ ಮುಕ್ತ ವಿವಿಗೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರ್ಲಿಲ್ಲ, 2018ರಲ್ಲಿ ವಾಪಸ್ ಬಂತು.

---

ಕಾಫಿತೋಟ

ಪಿಯುಸಿ 2002ರಲ್ಲಿ ಆಗಿದೆ, ಡಿಗ್ರಿ 2009. ಹಾಗಾದ್ರೆ ಓಕೆ ಅಲ್ವಾ. ಮಾರ್ಕ್ಸ್ ಕಾರ್ಡ್ ಇದೆ, ಟಿ.ಸಿ. ಎಲ್ಲಿದೆಯೋ ಗೊತ್ತಿಲ್ಲ.

---

ಗುಬ್ಬಿಗೂಡು

ಟಿ.ಸಿ. ಈಗ್ಲೇ ಹುಡುಕಿ. ನಂದೂ ಕಳೆದುಹೋಗಿತ್ತು, ಓದಿದ ಕಾಲೇಜಿಗೆ ಹೋಗಿ ಡೂಪ್ಲಿಕೇಟ್‌ಗೆ ಅರ್ಜಿ ಕೊಟ್ಟೆ, ಅಫಿಡವಿಟ್ ಕೇಳಿದ್ರು, ಹಳೇ ರಿಜಿಸ್ಟರ್ ತೆಗೆಯೋ ಗುಮಾಸ್ತರು ರಜೆ ಅಂತ ವಾರಗಟ್ಲೆ ಹೋಯ್ತು. ಅಡ್ಮಿಷನ್ ಕೊನೇ ದಿನದ ತನಕ ಕಾಯ್ಬೇಡಿ. ಸೇರಿದ್ಮೇಲೆ ಇಲ್ಲಿ ಬಂದು ಹೇಳಿ, ನನ್ನ ಮೊದಲ ಸೆಮಿಸ್ಟರ್ ನೋಟ್ಸ್ ಪಿಡಿಎಫ್ ಆಗ್ತಿದೆ, ಹಿಂದಿನ ಬೆಂಚಿನೋರು ಮಾಡ್ತಿದಾರೆ, ಕಳಿಸ್ತೀನಿ.